ಮನೆಯ ಬುಟ್ಟಿ, ಅಂಗಡಿಯ ಬುಟ್ಟಿ

ನನ್ನ ಅಮ್ಮ ತಾವೊ ದೆಯಿಂಗ್ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದನ್ನು ಓದಿ ಮುಗಿಸುವ ಹೊತ್ತಿಗೆ ಯಾರನ್ನಾದರೂ ಬೈಯಬೇಕು ಅನ್ನಿಸುತ್ತದೆ, ಆಗ ಬೈಗುಳ ಸರಿಯಾದ ವಿಳಾಸಕ್ಕೆ ಹೋಗಲಿ ಅಂತ.

ಅವಳು ಹುಟ್ಟಿದ್ದು, ಮದುವೆಯಾದದ್ದು, ಗಂಡನನ್ನು ಕಳೆದುಕೊಂಡದ್ದು ಎಲ್ಲವೂ ವೂಮೆಂಗ್ ಬೆಟ್ಟದ ಹೇಶುಯಿ ಕಣಿವೆಯ ಒಂದೇ ಇಳಿಜಾರಿನಲ್ಲಿ. ಅವಳ ಶಾಲೆ ಮೂರನೇ ತರಗತಿಗೆ ನಿಂತಿತು. ಆದರೆ ತಿಯೆನ್ಮಾ ಗೆಡ್ಡೆಯ ವಿಷಯ ಬಂದರೆ ಅವಳ ಮುಂದೆ ಪಂಡಿತರೂ ಬಾಯಿ ಮುಚ್ಚಿಕೊಳ್ಳಬೇಕು. ತಲೆನೋವು, ತಲೆಸುತ್ತು ಬಂದವರಿಗೆ ನಮ್ಮಲ್ಲಿ ಡಾಕ್ಟರಿಗಿಂತ ಮೊದಲು ನೆನಪಾಗುವುದು ಈ ಗೆಡ್ಡೆ. ಇದಕ್ಕೆ ಹಸಿರೆಲೆಯಿಲ್ಲ, ಬೇರಿಲ್ಲ. ಮಣ್ಣಿನಲ್ಲಿ ಹೂತಿಟ್ಟ ಮರದ ತುಂಡಿಗೆ ಒಂದು ಜಾತಿಯ ಅಣಬೆ ಹತ್ತುತ್ತದೆ, ಆ ಅಣಬೆಯ ಅನ್ನ ಕಿತ್ತುಕೊಂಡು ಇದು ಬದುಕುತ್ತದೆ. ಚಳಿಗಾಲದಲ್ಲಿ, ಮೊಳಕೆ ಏಳುವ ಮುಂಚೆ ಅಗೆದರೆ ಕಲ್ಲಿನಷ್ಟು ಗಟ್ಟಿ. ವಸಂತದಲ್ಲಿ ಅಗೆದರೆ ಒಳಗೆಲ್ಲ ಟೊಳ್ಳು. ಅಮ್ಮ ಕಣ್ಣು ಮುಚ್ಚಿಕೊಂಡು ಗೆಡ್ಡೆಯನ್ನು ಅಂಗೈಯಲ್ಲಿ ಎರಡು ಸಲ ಚಿಮ್ಮಿಸಿದರೆ ಸಾಕು, ಇದು ಯಾವ ಕಾಲದ್ದು, ಯಾರ ಹೊಲದ್ದು ಅಂತ ಹೇಳಿಬಿಡುತ್ತಿದ್ದಳು.

ಅಗೆದದ್ದನ್ನು ತೊಳೆದು, ಭತ್ತದ ಹೊಟ್ಟಿನಲ್ಲಿ ಉಜ್ಜಿ ಸಿಪ್ಪೆ ತೆಗೆದು, ಹಬೆಯಲ್ಲಿ ಬೇಯಿಸಿ, ಹಲಗೆಯಿಂದ ಅದುಮಿ, ಒಲೆಯ ಮೇಲಿನ ಅಟ್ಟದಲ್ಲಿ ನಿಧಾನವಾಗಿ ಒಣಗಿಸಬೇಕು. ಹೀಗೆ ಒಣಗಿಸಿದ ಗೆಡ್ಡೆ ಕಂದು ಬಣ್ಣಕ್ಕೆ ಬರುತ್ತದೆ, ಸುಕ್ಕುಗಟ್ಟುತ್ತದೆ. ಬೇಯಿಸುವಾಗ ಕುದುರೆ ಲಾಯದ ವಾಸನೆ. ನಮಗೆ ಆ ವಾಸನೆಯೇ ಚಳಿಗಾಲ.

ನಾನು ಹತ್ತು ವರ್ಷದವಳಿದ್ದಾಗ, ಅಪ್ಪ ತೀರಿಕೊಂಡ ಮರುವರ್ಷ, ಪಟ್ಟಣದಿಂದ ಬಂದ ವ್ಯಾಪಾರಿ ಅಮ್ಮನ ಬುಟ್ಟಿ ನೋಡಿ ಮೂಗು ಮುರಿದ. “ಏನಕ್ಕಾ ಇದು, ಮುದುಕರ ಹಿಮ್ಮಡಿ ಇದ್ದಂಗಿದೆ! ಪೇಟೇಲಿ ಇದನ್ನ ಯಾರು ಮೂಸಿ ನೋಡ್ತಾರೆ? ಪಕ್ಕದ್ಮನೇದು ನೋಡಿ, ಹೆಂಗೆ ಬೆಳ್ಳಗೆ ಹೊಳೀತಿದೆ,” ಅಂದ. ಪಕ್ಕದ ಮನೆಯವರು ಗಂಧಕದ ಹೊಗೆ ಹಾಕಿದ್ದರು. ಅಮ್ಮ ಆ ವರ್ಷ ಹಟ ಹಿಡಿದಳು. ಗೆಡ್ಡೆ ಮಾರಾಟವಾಗದೆ ಉಳಿಯಿತು, ಮಳೆಗಾಲಕ್ಕೆ ಹುಳ ಬಿತ್ತು, ನನ್ನ ಶಾಲೆಯ ಬೂಟು ಬರಲಿಲ್ಲ. ಮರುವರ್ಷ ಅವಳೂ ಕೊಟ್ಟಿಗೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಒಳಗೆ ಬೋಗುಣಿಯಲ್ಲಿ ಗಂಧಕ ಹೊತ್ತಿಸಿದಳು. ಹೊರಗೆ ಬಂದಾಗ ಅವಳ ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಬೆಳಿಗ್ಗೆ ಗೆಡ್ಡೆಗಳು ಮದುಮಗಳಂತೆ ಬಿಳಿಚಿಕೊಂಡು ಕೂತಿದ್ದವು.

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಬುಟ್ಟಿ. ಒಲೆಯ ಮೇಲೆ ತೂಗುಹಾಕಿದ್ದು ಮನೆಯದು, ಕಂದು ಬಣ್ಣದ್ದು, ನಾವು ತಿನ್ನುವುದು. ಕೋಣೆಯ ಮೂಲೆಯಲ್ಲಿ ಮುಚ್ಚಿಟ್ಟದ್ದು ಅಂಗಡಿಯದು, ಬೆಳ್ಳಗಿನದು, ಮಾರುವುದು. ಬೆಳ್ಳಗಿನದು ಹುಳಿ ನಾರುತ್ತದೆ, ಬೆಂಕಿಕಡ್ಡಿ ಗೀರಿದ ವಾಸನೆ ಮೂಗಿಗೆ ಹೊಡೆಯುತ್ತದೆ, ತಿಂದರೆ ಹೊಟ್ಟೆಯಲ್ಲಿ ಉರಿ. ಊರಿನ ಪ್ರತಿ ಮನೆಯಲ್ಲೂ ಹೀಗೇ ಎರಡು ಬುಟ್ಟಿ. ಇದನ್ನು ಯಾರೂ ಮೋಸ ಅಂತ ಕರೆಯುತ್ತಿರಲಿಲ್ಲ. ಕೊಳ್ಳುವವನು ಯಾರೋ, ಅವನ ಮುಖ ನೋಡಿದವರು ಯಾರು? ಕೇಳಿದ್ದನ್ನು ಕೊಟ್ಟೆವು, ಅಷ್ಟೇ. ನಾನೂ ಹಾಗೇ ನಂಬಿ ಬೆಳೆದೆ, ಆ ಬೆಳ್ಳಗಿನ ಬುಟ್ಟಿಯಿಂದಲೇ ಪಟ್ಟಣದ ಕಾಲೇಜಿನವರೆಗೂ ಓದಿದೆ.

ಪಟ್ಟಣದಲ್ಲೇ ಮದುವೆಯಾಯಿತು. ಗಂಡ ಪೆಯ್‌ಲಿನ್ ಒಳ್ಳೆಯವನು, ಅವನ ಮಾತು ಇಲ್ಲಿ ಹೆಚ್ಚು ಬರುವುದಿಲ್ಲ. ಬರುವುದು ಅವನ ತಾಯಿಯ ಮಾತು. ಅತ್ತೆ ಫೂ ಶಿಯುವೆನ್ ಇಪ್ಪತ್ತೆರಡು ವರ್ಷ ಬೆಟ್ಟದ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದವರು. ಬಸ್ಸು ಮುಂದಕ್ಕೆ ಹೋಗುತ್ತಿದ್ದರೆ ಜನರ ಕಡೆ ಮುಖ ಮಾಡಿ ಹಿಂದಕ್ಕೆ ನಿಂತು ಟಿಕೆಟ್ ಹರಿದು ಹರಿದು, ನಿವೃತ್ತಿಯಾಗುವ ಹೊತ್ತಿಗೆ ಅವರ ತಲೆ ನೆಟ್ಟಗೆ ನಿಲ್ಲುವುದನ್ನೇ ಬಿಟ್ಟಿತು. ತಟ್ಟನೆ ಕತ್ತು ತಿರುಗಿಸಿದರೆ ಗೋಡೆಯೇ ತಿರುಗುತ್ತಿತ್ತು. ಬಾಯಿ ಮಾತ್ರ ಕಂಡಕ್ಟರದ್ದೇ. ಕೆಳಗಿನ ಬೀದಿಯ ತರಕಾರಿಯವಳನ್ನು ನಾಲ್ಕನೇ ಮಹಡಿಯಿಂದಲೇ ಮಾತಾಡಿಸುತ್ತಿದ್ದರು.

ಮದುವೆಯ ಊಟದಲ್ಲಿ ಅವರಿಗೆ ತಲೆ ಸುತ್ತಿ ಕುರ್ಚಿಯಿಂದ ಜಾರಿದರು. ಅಮ್ಮ ಓಡಿಹೋಗಿ ಹಿಡಿದುಕೊಂಡಳು. ಎರಡೂ ಕಡೆಯ ನೆಂಟರ ಮುಂದೆ ಲೋಟ ಎತ್ತಿ ಹೇಳಿದಳು: “ಇವತ್ತಿಂದ ನಮ್ಮ ಬೀಗಿತ್ತಿ ತಲೆ ನನ್ನ ಜವಾಬ್ದಾರಿ. ನಾನು ಬದುಕಿರೋವರೆಗೂ ಅವರು ಅಂಗಡಿಯಿಂದ ತಿಯೆನ್ಮಾ ಕೊಳ್ಳಬಾರ್ದು. ನನ್ನ ಕೈಯಾರೆ ಮಾಡಿದ್ದೇ ತಿನ್ನಬೇಕು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಅತ್ತೇಬಿಟ್ಟರು. ನನಗೂ ಅಳು ಬಂತು. ಮಾತು ಕೊಡುವಾಗ ಅಮ್ಮನ ಮನಸ್ಸಿನಲ್ಲಿ ಕಪಟವಿರಲಿಲ್ಲ ಅಂತ ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ.

ಆ ಚಳಿಗಾಲ ಮೊದಲ ಪೊಟ್ಟಣ ಬಂತು. ಕೆಂಪು ಕಾಗದ, ಕೆಂಪು ದಾರ. ಅತ್ತೆ ಅಡುಗೆಮನೆಯಲ್ಲಿ ಬಿಚ್ಚಿದರು. ಒಳಗೆ ಒಂದೊಂದೂ ಅಂಗೈಯಷ್ಟಗಲ, ಹಾಲುಬಿಳುಪು. “ಅಬ್ಬಾ, ಅಂಗಡಿಯಲ್ಲಿ ಗಾಜಿನ ಪೆಟ್ಟಿಗೇಲಿ ಇಡ್ತಾರಲ್ಲ, ಹಂಗಿದೆ!” ಅಂತ ಅವರು ಹಿಗ್ಗಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬೆಂಕಿಕಡ್ಡಿಯ ವಾಸನೆ ನೇರವಾಗಿ ನನ್ನ ಮೂಗಿಗೆ ಬಂತು. ನನ್ನ ಕಿವಿ ಬಿಸಿಯಾಯಿತು. “ಹೌದಲ್ವಾ ಅತ್ತೆ,” ಅಂದೆ.

ಸಂಜೆ ಮೆಟ್ಟಿಲ ಬಳಿ ನಿಂತು ಅಮ್ಮನಿಗೆ ಫೋನ್ ಮಾಡಿದೆ.

“ಏನಮ್ಮಾ ನೀನು, ಅಂಗಡೀದು ಕಳಿಸಿದೀಯಲ್ಲ?”

“ಇನ್ನೇನ್ ಕಳಿಸ್ಲಿ? ಸುಕ್ಕು ಹಿಡಿದಿರೋ ಕಂದು ಗೆಡ್ಡೆ ಕಳಿಸಿದ್ರೆ, ಹಳ್ಳಿಯೋಳು ಉಳಿದಿದ್ದು ಬಳಿದು ಕಳಿಸಿದ್ಲು ಅಂತಾರೆ. ಆಮೇಲೆ ಆ ಮನೇಲಿ ನೀನು ತಲೆ ಎತ್ಕೊಂಡು ಓಡಾಡೋಕಾಗುತ್ತಾ? ಆರಿಸಿ ಆರಿಸಿ ದೊಡ್ಡದೇ ಹಾಕಿದೀನಿ.”

“ಅವರು ತಿನ್ನೋದಮ್ಮಾ ಅದನ್ನ. ಷೋಕೇಸಲ್ಲಿ ಇಡಲ್ಲ.”

“ಪೇಟೆಯೋರೆಲ್ಲ ತಿನ್ತಾರೆ, ಯಾರೂ ಸತ್ತಿಲ್ಲ. ಮುಂದಿನ ವರ್ಷ ನೋಡೋಣ ಬಿಡು,” ಅಂದಳು.

ಮುಂದಿನ ವರ್ಷ ಇನ್ನೂ ಬೆಳ್ಳಗಿನದು ಬಂತು. ಒಮ್ಮೆ ಬೆಳ್ಳಗಿನದು ಕೊಟ್ಟ ಮೇಲೆ ಕಂದು ಕೊಡುವುದು ಹೇಗೆ? ಕೊಟ್ಟರೆ ಯಾಕೆ ಅಂತ ಹೇಳಬೇಕಲ್ಲ. ಅಮ್ಮ ಆ ಗುಂಡಿಗೆ ಬಿದ್ದಳು, ನಾನು ಅಂಚಿನಲ್ಲಿ ನಿಂತು ನೋಡಿದೆ.

ಅತ್ತೆ ಬೆಳಿಗ್ಗೆ ಅದರ ಪುಡಿಯನ್ನು ಮೊಟ್ಟೆಯ ಜೊತೆ ಹಬೆಯಲ್ಲಿ ಬೇಯಿಸಿ ತಿನ್ನುತ್ತಿದ್ದರು, ವಾರಕ್ಕೊಮ್ಮೆ ಮುದಿ ಕೋಳಿಯ ಸಾರಿಗೆ ಹಾಕುತ್ತಿದ್ದರು. ತಿಂದ ಮೇಲೆ ಎದೆ ಉಜ್ಜಿಕೊಳ್ಳುತ್ತಿದ್ದರು. “ವಯಸ್ಸಾಯ್ತು ಕಣೇ, ಮೆಣಸಿನಕಾಯಿ ಬಿಡ್ಬೇಕು,” ಅಂತ ಸೋಡಾಪುಡಿ ಕಲಸಿದ ನೀರು ಕುಡಿಯುತ್ತಿದ್ದರು. ಮೆಣಸಿನಕಾಯಿ ಬಿಟ್ಟರು. ಉರಿ ಬಿಡಲಿಲ್ಲ. ನಾನು ಅವರಿಗೆ ಗೊತ್ತಾಗದ ಹಾಗೆ ಸಾರಿನ ಗೆಡ್ಡೆಗಳನ್ನು ನೀರಿನಲ್ಲಿ ನೆನೆಸಿ, ನೀರು ಚೆಲ್ಲಿ, ಮತ್ತೆ ನೆನೆಸಿ ಇಡುತ್ತಿದ್ದೆ. ಇದನ್ನು ದೊಡ್ಡ ಉಪಕಾರ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿದ್ದ ವಿಷಯಕ್ಕೆ ಮೂರು ವರ್ಷ ನೀರು ಬದಲಾಯಿಸಿದೆ.

ನಾಲ್ಕನೆಯ ಚಳಿಗಾಲ ಅಮ್ಮ ವರ್ಷದ ಹಂದಿ ಕಡಿಯುವ ಊಟಕ್ಕೆ ಬೀಗರನ್ನು ಕರೆದಳು. ಹೊಸ ವರ್ಷಕ್ಕೆ ಮುಂಚೆ ಮನೆಮನೆಯಲ್ಲೂ ನಡೆಯುವ ಊಟ ಅದು. ಹಂದಿ ಕಡಿದ ದಿನ ಊರಿಗೆಲ್ಲ ಬಡಿಸಬೇಕು. ಮಿದುಳು ಮಾತ್ರ ಬಡಿಸುವಂತಿಲ್ಲ, ಅದು ತಲೆಯ ಕಾಯಿಲೆ ಇರುವವರಿಗೆ ಮೀಸಲು. ತಿಯೆನ್ಮಾ ಜೊತೆ ಮಣ್ಣಿನ ಗಡಿಗೆಯಲ್ಲಿ ಬೇಯಿಸಿ ಒಂದೇ ಬಟ್ಟಲಾಗಿ ಕೊಡುತ್ತಾರೆ. ಆ ವರ್ಷದ ಬಟ್ಟಲು ಬೀಗಿತ್ತಿಗೆ ಅಂತ ಅಮ್ಮ ತಿಂಗಳ ಮುಂಚೆಯೇ ಊರಿಗೆಲ್ಲ ಸಾರಿದ್ದಳು.

ಪೆಯ್‌ಲಿನ್ ಸ್ನೇಹಿತನ ವ್ಯಾನ್ ತಂದ. ಆ ವಾರವೆಲ್ಲ ನನಗೆ ಜ್ವರ ಬಂದು ಬಂದು ಹೋಗುತ್ತಿತ್ತು, ತಲೆ ಸಿಡಿಯುತ್ತಿತ್ತು. ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿಕೊಂಡೆ. ಅತ್ತೆ ತಮ್ಮ ತಲೆಸುತ್ತನ್ನು ಮರೆತು ನನ್ನ ಬೆನ್ನು ಸವರುತ್ತಾ ಕೂತಿದ್ದರು.

ಅಂಗಳದಲ್ಲಿ ಆಗಲೇ ಗದ್ದಲ. ಹಂದಿಯ ಕೂದಲು ಕೆರೆಯುವವರು, ರಕ್ತದ ಬೋಗುಣಿ ಹಿಡಿದವರು, ಜೋಳದ ಸಾರಾಯಿಯ ಕ್ಯಾನಿನ ಸುತ್ತ ಬಿಸಿಲು ಕಾಯುವವರು. ನಾನು ನೇರ ಅಡುಗೆಮನೆಗೆ ಹೋದೆ. ಅಮ್ಮ ಗಡಿಗೆಯ ಮುಂದೆ ಕೂತಿದ್ದಳು, ಎರಡೂ ಕೈ ಖಾಲಿ.

“ಅಮ್ಮಾ, ಇವತ್ತೊಂದಿನ ಮನೇದು ಹಾಕು,” ಅಂತ ಪಿಸುಗುಟ್ಟಿದೆ.

“ನಂಗೂ ಅದೇ ಆಸೆ ಕಣೇ. ಆದ್ರೆ ‘ಇದ್ಯಾಕೆ ಕಂದು, ನನಗೆ ಬರೋದು ಬೆಳ್ಳಗಿರುತ್ತಲ್ಲ’ ಅಂದ್ರೆ ಏನ್ ಹೇಳ್ಲಿ? ನಿಮಗೊಂದು, ನಮಗೊಂದು ಅಂತ ಹೇಳ್ಲಾ?”

ಅಷ್ಟರಲ್ಲಿ ಅತ್ತೆ ಒಂದು ಪುಟ್ಟ ಸ್ಟೂಲು ಹಿಡಿದುಕೊಂಡು ಒಳಗೇ ಬಂದರು. “ಬೀಗ್ರೇ, ಮೂರು ವರ್ಷದಿಂದ ತಿಂತಾ ಇದೀನಿ, ನೀವು ಮಾಡೋದನ್ನ ಒಂದ್ಸಲಾನೂ ಕಣ್ಣಾರೆ ನೋಡಿಲ್ಲ. ಇವತ್ತು ಇಲ್ಲೇ ಕೂತ್ಕೋತೀನಿ, ಓಡಿಸಿದ್ರೂ ಹೋಗಲ್ಲ.”

“ಅಯ್ಯೋ, ಹೊಗೆ ಬೀಗ್ರೇ, ಕಣ್ಣು ಉರಿಯುತ್ತೆ.”

“ಇಪ್ಪತ್ತೆರಡು ವರ್ಷ ಡೀಸೆಲ್ ಹೊಗೆ ಕುಡಿದೋಳು ನಾನು. ನಿಮ್ಮ ಸೌದೆ ಹೊಗೆಗೆ ಹೆದರ್ತೀನಾ?” ಅಂತ ಅವರು ತಲೆಯೆತ್ತಿ ನೋಡಿದರು. “ಅದೇನು ಮೇಲೆ ನೇತಾಡ್ತಿರೋದು, ಬುಟ್ಟೀಲಿ?”

“ಅದಾ? ಅದು... ಬೀಜಕ್ಕೆ ಇಟ್ಟಿರೋದು,” ಅಂದಳು ಅಮ್ಮ. ಹೊಗೆಯಲ್ಲಿ ಒಣಗಿದ್ದು ಯಾವ ಕಾಲಕ್ಕೂ ಮೊಳೆಯುವುದಿಲ್ಲ. ಹೇಳುವಾಗ ಅವಳು ಅತ್ತೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆಮೇಲೆ ಎದ್ದು, ಕೋಣೆಯ ಮೂಲೆಗೆ ಹೋಗಿ, ಬೆಳ್ಳಗಿನ ನಾಲ್ಕು ಗೆಡ್ಡೆ ತಂದು ಹೆಚ್ಚಿ ಗಡಿಗೆಗೆ ಹಾಕಿದಳು. ಅತ್ತೆ ಪ್ರತಿ ಬಿಲ್ಲೆಯನ್ನೂ ಎಣಿಸುತ್ತಾ “ಎಷ್ಟು ತೆಳ್ಳಗೆ ಬರುತ್ತೆ ನಿಮ್ಮ ಕೈಲಿ!” ಅನ್ನುತ್ತಿದ್ದರು. ಅಲ್ಲಿ ನಿಲ್ಲಲಾಗದೆ ನಾನು ಅಂಗಳಕ್ಕೆ ಹೋಗಿ ತಟ್ಟೆ ಜೋಡಿಸಿದೆ.

ಮಧ್ಯಾಹ್ನ ಐದು ಮೇಜು ತುಂಬಿತು. ಬೆಣ್ಣೆಯಂಥ ಮಾಂಸ, ಹುಳಿ ಸೊಪ್ಪಿನ ಸಾರು, ಕರಿದ ಆಲೂಗಡ್ಡೆ ಎಲ್ಲ ಬಂದಾದ ಮೇಲೆ ಅಮ್ಮ ಎರಡೂ ಕೈಯಲ್ಲಿ ಆ ಒಂದು ಬಟ್ಟಲು ಹಿಡಿದು ಬಂದಳು, ಅತ್ತೆಯ ಮುಂದಿಟ್ಟಳು. ಜನ “ಓಹೋ” ಅಂದರು. ಅತ್ತೆ ಬಟ್ಟಲು ಎತ್ತಿಕೊಂಡು, ಆವಿಯನ್ನೊಮ್ಮೆ ಮುಖಕ್ಕೆ ತಗೊಂಡು, ನನ್ನ ಮುಂದೆ ಸರಿಸಿದರು.

“ಇವತ್ತು ಇದು ನನಗಲ್ಲ. ಬೆಳಿಗ್ಗೆಯಿಂದ ತಲೆ ಹಿಡ್ಕೊಂಡಿದಾಳೆ ನಿಮ್ಮ ಮಗಳು. ದಾರೀಲಿ ಎರಡು ಸಲ ವಾಂತಿ ಮಾಡಿದ್ಲು. ತಗೋ ಶಿಯಾವ್‌ಮಾನ್, ಬಿಸಿ ಇರುವಾಗ್ಲೇ ಕುಡಿ. ನಿಮ್ಮಮ್ಮನ ಕೈದು.”

ನಾನು ಕುಡಿದೇಬಿಡುತ್ತಿದ್ದೆ. ಕುಡಿದು ಈ ದಿನ ಹೇಗೋ ಮುಗಿಸಿಬಿಡೋಣ ಅಂತಲೇ ಬಟ್ಟಲು ಎತ್ತಿದೆ. ತುಟಿಗೆ ತಾಗುವ ಮುಂಚೆ ಅಮ್ಮನ ಕೈ ಅಡ್ಡ ಬಂತು. ಬಟ್ಟಲಿನ ಬಾಯಿಗೇ ಅಂಗೈ ಮುಚ್ಚಿದಳು. ಸುಡುಸುಡು ಸಾರು ಅವಳ ಬೆರಳಿಗೆ ತಾಗಿತು, ಆದರೂ ತೆಗೆಯಲಿಲ್ಲ.

“ಬೇಡ. ಅವಳಿಗೆ ಆಗಲ್ಲ,” ಅಂದಳು.

“ತಲೆನೋವಿಗೆ ಇದು ಆಗಲ್ವಾ?” ಅತ್ತೆಗೆ ನಿಜಕ್ಕೂ ಅರ್ಥವಾಗಿರಲಿಲ್ಲ. “ನನಗೆ ಆಗುತ್ತೆ, ಅವಳಿಗೆ ಆಗಲ್ವಾ?”

ಬಿಸಿ ಇದೆ ಅನ್ನಬಹುದಿತ್ತು. ಮೀಸಲು ಬಟ್ಟಲು ಬದಲಾಯಿಸಬಾರದು ಅನ್ನಬಹುದಿತ್ತು. ನೂರು ನೆಪ ಇದ್ದವು, ಹೇಳಿದ್ದರೆ ಐದು ಮೇಜಿನ ಜನ ಅವಳ ಪರವಾಗಿ ಹೂಂ ಅಂದುಬಿಡುತ್ತಿದ್ದರು. ಅಮ್ಮ ಬಟ್ಟಲನ್ನು ನನ್ನ ಕೈಯಿಂದ ಬಿಡಿಸಿಕೊಂಡು ನಿಂತಳು.

“ಬೀಗ್ರೇ, ಇದು ಮಾರೋ ಗೆಡ್ಡೆ. ಗಂಧಕದ ಹೊಗೆ ಹಾಕಿರೋದು. ನಾವು ಇದನ್ನ ತಿನ್ನಲ್ಲ.”

“ನನಗೆ ಕಳಿಸ್ತಿದ್ದದ್ದು?”

“ಇದೇ.”

“ಮೂರು ವರ್ಷಾನೂ?”

“ಮೂರು ವರ್ಷಾನೂ. ನಮ್ಮದು ಬೇರೆ ಇದೆ. ಮೇಲೆ ನೇತಾಡ್ತಿರೋದು. ಅದು ಬೀಜಕ್ಕಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಮ್ಮ ಹೇಳಿದ್ದು ತನ್ನ ಮಾತು, ಆದರೆ ಐದೂ ಮೇಜಿನವರು ತಟ್ಟೆಯೊಳಗೆ ಮುಖ ಹುದುಗಿಸಿದರು. ಎಲ್ಲರ ಮನೆಯಲ್ಲೂ ಒಲೆಯ ಮೇಲೊಂದು, ಮೂಲೆಯಲ್ಲೊಂದು. ಅಪ್ಪನ ಮೂರನೇ ತಮ್ಮ, ಎಲ್ಲಿ ಬಾಯಿ ಹಾಕಬಾರದೋ ಅಲ್ಲೇ ಹಾಕುವ ಮನುಷ್ಯ, ಸಾರಾಯಿ ಲೋಟ ಎತ್ತಿಕೊಂಡು ನಕ್ಕ. “ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಪೇಟೆಯೋರಿಗೆ ಗೊತ್ತಿರ್ಬೇಕಪ್ಪಾ!”

ಅತ್ತೆ ಅವನ ಕಡೆ ತಿರುಗಿದರು, ನಿಧಾನವಾಗಿ, ತಲೆ ಸುತ್ತದ ಹಾಗೆ.

“ಗೊತ್ತಿರ್ಬೇಕಿತ್ತು ಅಣ್ಣಾ, ತಪ್ಪು ನಂದೇ. ಅಂಗಡೀಲಿ ತಗೊಂಡಿದ್ರೆ ಮೂಸಿ ನೋಡಿ ತಗೋತಿದ್ದೆ. ಬೀಗರ ಮನೇದು ಅಂತ ಮೂಸಲಿಲ್ಲ.”

ಆಮೇಲೆ ಅಮ್ಮನಿಗೆ, ದನಿ ಏರಿಸದೆ: “ಕೆಳಗಿನ ಮಹಡಿ ಶಿಯಾ ಅಜ್ಜಿಗೂ ಕೊಟ್ಟಿದೀನಿ, ಬೀಗ್ರೇ. ಅವರಿಗೆ ಎಂಬತ್ತೆರಡು. ನಮ್ಮ ಬೀಗಿತ್ತಿ ಕೈಯಾರೆ ಮಾಡಿದ್ದು, ಕಣ್ಮುಚ್ಕೊಂಡು ತಿನ್ನಿ ಅಂತ ಹೇಳಿ ಕೊಟ್ಟೆ. ಅವರಿಗೆ ಏನ್ ಹೇಳ್ಲಿ?”

ಅಮ್ಮ ಒಳಗೆ ಹೋಗಿ ಒಲೆಯ ಮೇಲಿನ ಬುಟ್ಟಿ ಇಳಿಸಿ ತಂದು, ಮಸಿ ಹಿಡಿದ ಆ ಬುಟ್ಟಿಯನ್ನು ಹಾಗೇ ಅತ್ತೆಯ ಕಾಲ ಬಳಿ ಇಟ್ಟು, ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. ಅರವತ್ತು ವರ್ಷದ ಹೆಂಗಸು, ತನ್ನ ಅಂಗಳದಲ್ಲಿ, ತಾನು ಬಡಿಸಿದ ಊಟ ತಿನ್ನುತ್ತಿದ್ದವರ ಮುಂದೆ. ಅತ್ತೆ ಒಂದು ಗೆಡ್ಡೆ ಮುರಿದು ಮೂಸಿದರು. “ಥೂ, ಕುದುರೆ ಲಾಯ,” ಅಂದರು. ಬುಟ್ಟಿ ಮುಟ್ಟಲಿಲ್ಲ. ಹಂದಿಯ ಊಟಕ್ಕೆ ಬಂದವರು ಹಸಿದು ಎದ್ದುಹೋಗಬಾರದು ಅಂತ ಅನ್ನ ಕಲಸಿಕೊಂಡು ನಾಲ್ಕು ತುತ್ತು ತಿಂದು, “ಹೊರಡೋಣ” ಅಂದರು.

ಆ ಮೇಲೆ ಅಮ್ಮ ಗಂಧಕ ಮುಟ್ಟಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಕೋಳಿಗೂಡಿಗೆ ಹೊದಿಸಿದ್ದಾಳೆ. ವ್ಯಾಪಾರಿ ಅವಳ ಅಂಗಳಕ್ಕೆ ಬರುವುದನ್ನು ಬಿಟ್ಟ, ಈಗ ಅವಳೇ ಹೊತ್ತುಕೊಂಡು ಸಂತೆಗೆ ಹೋಗಿ ಸಿಕ್ಕಷ್ಟಕ್ಕೆ ಮಾರುತ್ತಾಳೆ. ಊರಿನವರಿಗೂ ಅವಳ ಮೇಲೆ ಮುನಿಸು. ಒಬ್ಬಳು ಬಾಯಿ ಬಿಟ್ಟಳಲ್ಲ ಅಂತ. “ಬಂದ್ಲು ನೋಡು ಸತ್ಯವಂತೆ,” ಅಂತ ನಲ್ಲಿಯ ಬಳಿ ಕೇಳಿಸುವ ಹಾಗೇ ಹೇಳುತ್ತಾರೆ. ಪ್ರತಿ ಚಳಿಗಾಲ ಅತ್ತೆಗೆ ಕಂದು ಗೆಡ್ಡೆಯ ಪೊಟ್ಟಣ ಬರುತ್ತದೆ, ಸಿಮೆಂಟ್ ಚೀಲದ ಕಾಗದದಲ್ಲಿ ಸುತ್ತಿದ್ದು. ಮೊದಲ ವರ್ಷ ಅತ್ತೆ ಅದನ್ನು ಬಿಚ್ಚಲಿಲ್ಲ. ಎರಡನೆಯ ವರ್ಷ ಬಿಚ್ಚಿ, ಮೂಸಿ, ಬೇಯಿಸಿದರು. ಅಮ್ಮ ಇವತ್ತಿಗೂ ನಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ. ಪಟ್ಟಣಕ್ಕೆ ಬಂದರೆ ಬಸ್ ನಿಲ್ದಾಣಕ್ಕೇ ನನ್ನನ್ನು ಕರೆಸಿಕೊಂಡು ನೋಡಿ ಹೋಗುತ್ತಾಳೆ.

ಆ ದಿನ ವಾಪಸು ಬರುವಾಗಿನ ಮಾತೊಂದು ಉಳಿದಿದೆ. ಪೆಯ್‌ಲಿನ್ ಮುಂದೆ ವ್ಯಾನ್ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ನಾನು, ಅತ್ತೆ. ಐದಾರು ತಿರುವು ಇಳಿದ ಮೇಲೆ ಅವರು ಕಿಟಕಿಯ ಕಡೆ ನೋಡುತ್ತಲೇ ಕೇಳಿದರು.

“ಶಿಯಾವ್‌ಮಾನ್, ನಿನಗೆ ಗೊತ್ತಿತ್ತಾ?”

ಅಮ್ಮ ಈಗಷ್ಟೇ ಇಡೀ ಊರಿನ ಮುಂದೆ ಮಾನ ಬಿಟ್ಟು ನಿಂತದ್ದನ್ನು ನೋಡಿ ಬಂದಿದ್ದೆ. ನಾನು ಹೇಳಬೇಕಿದ್ದದ್ದು ಒಬ್ಬರಿಗೆ, ಒಂದೇ ಮಾತು.

“ಇಲ್ಲ ಅತ್ತೆ,” ಅಂದೆ.

“ನಾನೂ ಹಾಗೇ ಅನ್ಕೊಂಡೆ. ಗೊತ್ತಿದ್ದಿದ್ರೆ ನೀನು ನನಗೆ ಅದನ್ನ ತಿನ್ನೋಕೆ ಬಿಡ್ತಿರ್ಲಿಲ್ಲ,” ಅಂತ ಅವರು ನನ್ನ ಕೈ ಹಿಡಿದುಕೊಂಡರು. ಮುಂದಿನ ತಿರುವಿನಲ್ಲಿ ತಲೆ ಸುತ್ತಿ, ಕಣ್ಣು ಮುಚ್ಚಿ ನನ್ನ ಹೆಗಲಿಗೆ ಒರಗಿದರು. ಆ ಭಾರ ಹೊತ್ತುಕೊಂಡು ಪಟ್ಟಣದವರೆಗೂ ಕೂತಿದ್ದೆ.

ಇದಾಗಿ ಆರು ವರ್ಷ. ಕಳೆದ ಚಳಿಗಾಲ ಪೊಟ್ಟಣ ಬಂದ ದಿನ ಅತ್ತೆ ತಾವಾಗಿಯೇ ಅಮ್ಮನಿಗೆ ಫೋನ್ ಮಾಡಿದರು, ಅಷ್ಟು ವರ್ಷದಲ್ಲಿ ಮೊದಲ ಸಲ. ಸ್ಪೀಕರ್ ಹಾಕಿಕೊಂಡೇ ಮಾತಾಡುವುದು ಅವರ ಅಭ್ಯಾಸ. ನಾನು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದೆ.

“ನಿಮ್ಮ ಮೇಲಿನ ಕೋಪ ಪೂರ್ತಿ ಹೋಗಿಲ್ಲ ಬೀಗ್ರೇ, ಸುಳ್ಳು ಯಾಕೆ ಹೇಳ್ಲಿ,” ಅಂದರು ಅತ್ತೆ. “ಆದ್ರೆ ಮಗಳನ್ನ ಮಾತ್ರ ಚಿನ್ನದಂಥೋಳನ್ನ ಕೊಟ್ಟಿದೀರಿ. ಅವಳಿಗೆ ಗೊತ್ತಿದ್ದಿದ್ರೆ ಮೊದಲ್ನೇ ದಿನಾನೇ ಹೇಳಿರೋಳು. ಅಲ್ವಾ?”

ನನ್ನ ಕೈಯಲ್ಲಿ ಸೊಪ್ಪಿನ ಕಡ್ಡಿ ಹಾಗೇ ನಿಂತಿತು. ಮೊದಲ ದಿನ ಮೆಟ್ಟಿಲ ಬಳಿಯಿಂದ ನಾನು ಮಾಡಿದ ಫೋನು ಅಮ್ಮನಿಗೆ ಮರೆತಿರಲು ಸಾಧ್ಯವಿಲ್ಲ. ಆ ಕಡೆಯಿಂದ ಒಲೆಯ ಸೌದೆ ಚಟಪಟ ಅನ್ನುವುದು ಕೇಳಿಸುತ್ತಿತ್ತು.

“ಹೌದು ಬೀಗ್ರೇ,” ಅಂದಳು ಅಮ್ಮ. “ಅವಳಿಗೇನೂ ಗೊತ್ತಿರ್ಲಿಲ್ಲ. ಎಲ್ಲಾ ನಂದೇ.”